ಪಿಎಚ್‌ಡಿ ಮುಗಿಯಿತು, ನಮ್ಮ ಬಳಗಕ್ಕೆ ಧನ್ಯವಾದ

ಹೋದ ವಾರ ನನ್ನ ಪಿಎಚ್‌ಡಿ ವೈವಾ (ಕೊನೆಯ ಮೌಖಿಕ ಪರೀಕ್ಷೆ) ಆಯಿತು. ಫೋನ್ ಮಾಡಿ ಹರಸಿದ ಎಲ್ಲರಿಗೂ ಧನ್ಯವಾದ. ಆದರೆ ಈ ಖುಷಿಯಲ್ಲಿ ದೊಡ್ಡ ಪಾಲು ರಾಯಚೂರಿನ ನಮ್ಮ ಸ್ಕಾಲರ್‌ಶಿಪ್ ಬಳಗದ್ದು. ಅದನ್ನು ಎಲ್ಲರೆದುರು ಹೇಳಬೇಕು.

ಒಂದೇ ವಿದ್ಯಾರ್ಥಿವೇತನ ಪಡೆಯುತ್ತೇವೆ ಅನ್ನುವುದಷ್ಟೇ ನಮ್ಮ ನಂಟು. ಬಿಎ ಮೊದಲ ವರ್ಷದವರಿದ್ದಾರೆ, ಎಂಎಸ್ಸಿಯವರಿದ್ದಾರೆ, ನನ್ನಂಥ ಸಂಶೋಧಕರೂ ಇದ್ದೇವೆ. ಭಾನುವಾರ ಸೇರಿದಾಗ ಒಬ್ಬರು ತಮ್ಮ ಕೆಲಸ ವಿವರಿಸುತ್ತಾರೆ. ಬೇರೆ ವಿಷಯದವರಿಗೂ ತಿಳಿಯುವ ಹಾಗೆ ಹೇಳಬೇಕು, ಅದೊಂದೇ ನಿಯಮ.

ನನ್ನದು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಸವಳು ಭೂಮಿಯ ಅಧ್ಯಯನ. ಸಿಂಧನೂರು ಕಡೆ ಬೇಸಿಗೆಯಲ್ಲಿ ಹೊಲದ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತದಲ್ವಾ, ಅದು ಉಪ್ಪು. ಅದರ ಅಂಕಿಗಳನ್ನೆಲ್ಲ ತೋರಿಸಿದ ಮೇಲೆ, ಬಿಎ ಇತಿಹಾಸ ಓದುವ ತಂಗಿಯೊಬ್ಬಳು ಕೇಳಿದಳು: "ಅಕ್ಕಾ, ಕಾಲುವೆ ಬರೋದಕ್ಕ ಮುಂಚೆ ಈ ಹೊಲದಾಗ ಏನು ಬೆಳೀತಿದ್ರು?"

ಆ ಪ್ರಶ್ನೆಯಿಂದ ನನ್ನ ಪ್ರಬಂಧಕ್ಕೆ ಹೊಸದೊಂದು ಅಧ್ಯಾಯವೇ ಸೇರಿತು. ಅಣೆಕಟ್ಟಿನ ನೀರು ಹರಿಯಲು ಶುರುವಾದದ್ದು 1953ರಲ್ಲಿ. ಅದಕ್ಕೆ ಮೊದಲು ಇಲ್ಲಿ ಮಳೆ ನಂಬಿದ ಜೋಳ, ಹತ್ತಿ. ನೀರು ಬಂದ ಮೇಲೆ ಭತ್ತ ಹಬ್ಬಿತು. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲೇರುತ್ತದೆ, ಜೊತೆಗೆ ಉಪ್ಪೂ ಏರುತ್ತದೆ. ಇತ್ತ ಕಾಲುವೆಯ ಕೊನೆಯ ರೈತರಿಗೆ ನೀರೇ ಸಾಲುವುದಿಲ್ಲ. ಮಣ್ಣಿನ ಪರೀಕ್ಷೆಯೊಂದರಿಂದಲೇ ಇದೆಲ್ಲ ಕಾಣುವುದಿಲ್ಲ.

ಕಾಲುವೆ ಬರುವುದಕ್ಕೆ ಮುಂಚೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಅಲ್ಲಿ ಆಡಳಿತ ಉರ್ದುವಿನಲ್ಲಿ. ರೈತರ ಮನೆಯ ಟ್ರಂಕಿನಲ್ಲಿದ್ದ ಹಳೇ ಜಮೀನಿನ ಕಾಗದಗಳು ಉರ್ದುವಿನಲ್ಲಿದ್ದವು. ಬಳಗದ ಉರ್ದು ಎಂಎ ಅಣ್ಣ ಪಕ್ಕದಲ್ಲಿ ಕೂತು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿ ಹೇಳಿದರು. ಯಾವ ಊರಿನಿಂದ ಎಷ್ಟು ಮಣ್ಣಿನ ಮಾದರಿ ತೆಗೆಯಬೇಕೆಂದು ಲೆಕ್ಕ ಹಾಕಿಕೊಟ್ಟದ್ದು ಸಂಖ್ಯಾಶಾಸ್ತ್ರದ ಗೆಳತಿ.

ನಡುವೆ ಫೆಲೋಶಿಪ್ ಹಣ ತಡವಾಯಿತು. ಮೆಸ್ ಬಿಲ್ ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ. ಬಳಗದವರೇ ದುಡ್ಡು ಕೂಡಿಸಿ ಕೊಟ್ಟರು. ಯಾರು ಎಷ್ಟು ಹಾಕಿದರೆಂದು ಇವತ್ತಿಗೂ ನನಗೆ ಹೇಳಿಲ್ಲ. ಬಿಎ ಹುಡುಗರೂ ಕೊಟ್ಟಿದ್ದರಂತೆ, ಅದೂ ತಮ್ಮ ಸ್ಕಾಲರ್‌ಶಿಪ್ಪಿನಲ್ಲೇ ಉಳಿಸಿ. ನಿಮ್ಮ ಋಣ ದೊಡ್ಡದು.

ಹೊಲಕ್ಕೆ ಕರೆದೊಯ್ದು, ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟ ರೈತರಿಗೆ, ನನ್ನ ಗೈಡ್‌ಗೆ, ಅಪ್ಪ ಅವ್ವನಿಗೆ ಶರಣು.

ಪ್ರಬಂಧದ ಒಂದು ಪ್ರತಿಯನ್ನು ಬಳಗದ ಕಪಾಟಿನಲ್ಲಿ ಇಡುತ್ತೇನೆ. ಮೂರನೇ ಅಧ್ಯಾಯದ ಮೊದಲ ಪುಟದಲ್ಲಿ ಆ ಪ್ರಶ್ನೆ ಕೇಳಿದ ತಂಗಿಯ ಹೆಸರಿದೆ. ಸ್ಕಾಲರ್‌ಶಿಪ್ ಸಿಕ್ಕಿ ಈ ವರ್ಷ ರಾಯಚೂರಿಗೆ ಬರುವವರು ಭಾನುವಾರ ಬನ್ನಿ, ಯಾವ ವಿಷಯ ಓದುತ್ತಿದ್ದರೂ ಸರಿ.