ಪುಟ್ಟಿಗೆ, ಮೊದಲ ಬಂಡಲ್ ತಿದ್ದುವ ಮುಂಚೆ

ಗಾಂಧಿನಗರ, ಬಳ್ಳಾರಿ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಎರಡು ಪ್ರಶ್ನೆ ಕೇಳಿದೆ. ಮೊದಲ ಇಂಟರ್ನಲ್ ಟೆಸ್ಟಿನ 62 ಪೇಪರ್ ಮುಂದೆ ಇಟ್ಟುಕೊಂಡು ಕೂತಿದ್ದೀನಿ, ಅಂಕ ಹಾಕೋಕೆ ಕೈ ಬರ್ತಿಲ್ಲ ಅಂದೆ. ಆಮೇಲೆ, ಮನಃಶಾಸ್ತ್ರದ ಇತಿಹಾಸ ಅಂದರೆ ಮಕ್ಕಳು ಆಕಳಿಸುತ್ತಾರೆ, ಆ ಯೂನಿಟ್ ಎರಡು ಪೀರಿಯಡ್‌ನಲ್ಲಿ ಮುಗಿಸಿಬಿಡಲಾ ಅಂದೆ. ಅಷ್ಟರಲ್ಲಿ ನಿಮ್ಮಮ್ಮ ಊಟಕ್ಕೆ ಕರೆದಳು, ಮಾತು ಅಲ್ಲಿಗೇ ನಿಂತಿತು. ನನ್ನ ಲೆಕ್ಕದಲ್ಲಿ ಎರಡೂ ಒಂದೇ ಪ್ರಶ್ನೆ. ಹೇಗೆ ಅಂತ ಬರೆಯುತ್ತೇನೆ, ನಿಧಾನವಾಗಿ ಓದು.

ನಾನೂ ನಿನ್ನ ಹಾಗೆ ಮನಃಶಾಸ್ತ್ರ ಪಾಠ ಮಾಡಲು ಕೆಲಸಕ್ಕೆ ಸೇರಿ ಐದಾರು ವರ್ಷ ಆಗಿತ್ತು. ಏಪ್ರಿಲ್ ತಿಂಗಳು. ನಮ್ಮೂರ ಬಿಸಿಲು ಗೊತ್ತಲ್ಲ, ರಾತ್ರಿ ಹತ್ತಾದರೂ ಗುಡ್ಡದ ಬಂಡೆ ಕಾವು ಬಿಡುತ್ತಲೇ ಇರುತ್ತದೆ. ಕರೆಂಟ್ ಹೋಗಿತ್ತು. ಕಂದೀಲು ಹಚ್ಚಿಕೊಂಡು ಪೇಪರ್ ತಿದ್ದುತ್ತಿದ್ದೆ. ಕೈಯ ಬೆವರಿಗೆ ಹಾಳೆಯ ಶಾಯಿ ಹರಡುತ್ತಿತ್ತು. 'ಮರೆವಿನ ಸ್ವರೂಪವನ್ನು ವಿವರಿಸಿ', ಹತ್ತು ಅಂಕದ ಪ್ರಶ್ನೆ. ಸುಮಾರು ನಲವತ್ತು ಪೇಪರಿನಲ್ಲಿ ಒಂದೇ ಉತ್ತರ. ಮರೆವನ್ನು ತನ್ನ ಮೇಲೇ ಅಳೆದ ಜರ್ಮನ್ ಪಂಡಿತ ಎಬ್ಬಿಂಗ್‌ಹಾಸ್, 1885, ಆತ ಬಾಯಿಪಾಠ ಮಾಡಿದ ಅರ್ಥವಿಲ್ಲದ ಅಕ್ಷರಗಳ ಪಟ್ಟಿ, ಕಲಿತದ್ದರಲ್ಲಿ ಎಷ್ಟು ಉಳಿಯಿತು ಅಂತ ತೋರಿಸುವ, ಮೊದಲು ಧಡಕ್ಕನೆ ಇಳಿದು ಆಮೇಲೆ ನಿಧಾನವಾಗುವ ಗೆರೆ. ಎಲ್ಲಾ ಗೈಡಿನ ಮಾತು.

ಆಮೇಲೆ ಒಂದು ಪೇಪರ್ ಕೈಗೆ ಬಂತು. ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ. ಆ ಹುಡುಗಿ ಬರೆದಿದ್ದು ಹೆಚ್ಚು ಕಡಿಮೆ ಹೀಗೆ: 'ನಮ್ಮ ಅಜ್ಜಿ ಡ್ಯಾಂ ಕಟ್ಟುವಾಗ ಕಲ್ಲು ಹೊತ್ತಿದ್ದಾಳೆ. ಯಾವ ಮೇಸ್ತ್ರಿ ಎಷ್ಟು ಕೂಲಿ ಹಿಡಿದುಕೊಂಡ ಅಂತ ಇವತ್ತಿಗೂ ಹೇಳುತ್ತಾಳೆ. ಬೆಳಿಗ್ಗೆ ತಿಂದ ಒಗ್ಗರಣೆ ಮಾತ್ರ ನೆನಪಿಲ್ಲ, ಇನ್ನೂ ತಿಂಡಿ ಕೊಟ್ಟಿಲ್ಲ ಅಂತ ಜಗಳ ಮಾಡುತ್ತಾಳೆ. ಮರೆವು ಹೊಸದನ್ನು ಮೊದಲು ತಿನ್ನುತ್ತದೆ, ಹಳೆಯದಕ್ಕೆ ಕೊನೆಗೆ ಬಾಯಿ ಹಾಕುತ್ತದೆ.' ಎಬ್ಬಿಂಗ್‌ಹಾಸ್ ಹೆಸರಿಲ್ಲ, ಇಸವಿ ಇಲ್ಲ. ಮೂರು ಅಂಕ ಹಾಕಿ ಮುಂದಿನ ಪೇಪರ್ ತೆಗೆದೆ.

ಆಗ ನಾನು ಅಂಕಗಳನ್ನು ಪೇಪರ್ ಮೇಲೆ ಹಾಕದೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ. ಆ ನೋಟ್‌ಬುಕ್ ಕಾಣೆಯಾಯಿತು. ಮನೆಯೆಲ್ಲಾ ಹುಡುಕಿ ಸಾಕಾಗಿ, ಇಡೀ ಬಂಡಲ್ ಮತ್ತೆ ತಿದ್ದಿದೆ. ಈ ಸಲ ಬೆಳಿಗ್ಗೆ ಹೊತ್ತು, ಕಾಫಿ ಕುಡಿದು, ಕಿಟಕಿ ಪಕ್ಕ ಕೂತು. ಅಂಕಪಟ್ಟಿ ಕೊಟ್ಟು ಎರಡು ವಾರ ಆದಮೇಲೆ ಬೀರುವಿನ ಹಿಂದೆ ಹಳೇ ನೋಟ್‌ಬುಕ್ ಸಿಕ್ಕಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆ ಹುಡುಗಿಗೆ ಮೊದಲ ಸಲ ಮೂರು, ಎರಡನೇ ಸಲ ಏಳು. ಅದೇ ಉತ್ತರ, ಅದೇ ಕೆಂಪು ಪೆನ್ನು, ಅದೇ ಮೇಡಂ. ನೋಟ್‌ಬುಕ್ ಕಳೆಯದೇ ಹೋಗಿದ್ದರೆ ಆ ಮಗುವಿಗೆ ಮೂರೇ ಗಟ್ಟಿ ಆಗುತ್ತಿತ್ತು. ಆ ದಿನ ನನಗೆ ಊಟ ಸೇರಲಿಲ್ಲ.

ಇದಕ್ಕಿಂತ ಹೆಚ್ಚು ಚುಚ್ಚಿದ್ದು ಮುಂದಿನ ವರ್ಷ. ಇತಿಹಾಸದ ಪಾಠಕ್ಕೆ ತಯಾರಿ ಮಾಡುವಾಗ ರಿಬೋ ಅನ್ನುವ ಫ್ರೆಂಚ್ ಪಂಡಿತನ ವಿಚಾರ ಓದಿದೆ. ಎಬ್ಬಿಂಗ್‌ಹಾಸ್‌ಗಿಂತ ನಾಲ್ಕು ವರ್ಷ ಮುಂಚೆ, 1881ರಲ್ಲಿ, ಆತ ನೆನಪಿನ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದಿದ್ದ. ಅದರಲ್ಲಿ ಹೇಳಿದ್ದು ಏನು ಗೊತ್ತಾ? ಕಾಯಿಲೆಯಲ್ಲಿ ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಕೊನೆಯವರೆಗೆ ಉಳಿಯುತ್ತದೆ. ರಿಬೋನ ನಿಯಮ ಅಂತಲೇ ಅದಕ್ಕೆ ಹೆಸರು. ಆ ಹುಡುಗಿ ತನ್ನ ಅಡುಗೆಮನೆಯಲ್ಲಿ ನಿಂತು ಅದನ್ನೇ ಕಂಡಿದ್ದಳು. ಎಂ.ಎ. ಮಾಡಿ ಬಂದ ನನಗೆ ಅದು ಗೊತ್ತಿರಲಿಲ್ಲ. ಬೆಳಿಗ್ಗೆ ಏಳು ಕೊಟ್ಟಿದ್ದು ಸಹ ಚೆನ್ನಾಗಿ ಬರೆದಿದ್ದಾಳೆ ಅನ್ನಿಸಿದ್ದಕ್ಕೆ, ತಿಳಿದು ಕೊಟ್ಟಿದ್ದಲ್ಲ. ಹೇಳೋಣ ಅಂದರೆ ಅಷ್ಟರಲ್ಲಿ ಅವಳು ಓದು ಮುಗಿಸಿ ಹೋಗಿದ್ದಳು. ಇವತ್ತಿಗೂ ಆ ಮಾತು ನನ್ನ ಹತ್ತಿರವೇ ಉಳಿದಿದೆ.

ಅದಕ್ಕೇ ಪುಟ್ಟಿ, ಇತಿಹಾಸ ಎರಡು ಪೀರಿಯಡ್‌ನಲ್ಲಿ ಮುಗಿಸಬೇಡ. ಮಕ್ಕಳಿಗೆ ಎಷ್ಟು ಬೇಕೋ, ನಿನಗೆ ಅದಕ್ಕಿಂತ ಜಾಸ್ತಿ ಬೇಕು.

ಹಾಗಂತ ಗೈಡ್ ನೋಡಿ ಎಬ್ಬಿಂಗ್‌ಹಾಸ್ ಬರೆದವರಿಗೆ ಅನ್ಯಾಯ ಮಾಡು ಅಂತ ಹೇಳುತ್ತಿಲ್ಲ. ಅವರೂ ಕಷ್ಟಪಟ್ಟು ಓದಿದ್ದಾರೆ. ತಪ್ಪು ನನ್ನ ಪ್ರಶ್ನೆಯಲ್ಲಿತ್ತು. ಕೇಳಿದ್ದು ಮರೆವಿನ ಸ್ವರೂಪ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದು ಎಬ್ಬಿಂಗ್‌ಹಾಸ್‌ನ ಗೆರೆ. ಗೆರೆಯೇ ಬೇಕಿದ್ದರೆ ಗೆರೆಯನ್ನೇ ಕೇಳಬೇಕಿತ್ತು. ಪ್ರಶ್ನೆ ಬರೆದ ದಿನವೇ ಇದಕ್ಕೆ ಎರಡು, ಅದಕ್ಕೆ ಮೂರು, ಸ್ವಂತ ಉದಾಹರಣೆಗೆ ಇಷ್ಟು ಅಂತ ಒಂದು ಚೀಟಿಯಲ್ಲಿ ಬರೆದಿಡು. ಪೇಪರ್ ಕೈಗೆ ಬಂದಮೇಲೆ ಬರೆದರೆ ಅದು ಮೊದಲ ಪೇಪರಿನ ಮಗುವಿನ ಉತ್ತರ ನೋಡಿಕೊಂಡು ಬರೆದ ಹಾಗೆ.

ನಿನ್ನ ಕೈ ನಡುಗಿದ್ದು ಒಳ್ಳೆಯದೇ ಆಯಿತು. ನಮ್ಮ ಕೈಯನ್ನು ನಂಬಬೇಡಿ ಅಂತ ಮೊದಲೇ ತೋರಿಸಿಕೊಟ್ಟವರಿದ್ದಾರೆ. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಅಂತ ಇಬ್ಬರು 1912ರಲ್ಲಿ ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಮೇಷ್ಟ್ರುಗಳಿಗೆ ಕಳಿಸಿದರು. ಅಂಕ ದಿಕ್ಕಾಪಾಲಾಗಿ ಬಂತು. ಭಾಷೆಯ ಪೇಪರ್ ಅಲ್ವಾ, ಹಾಗೇ ಆಗುತ್ತೆ, ಗಣಿತದಲ್ಲಿ ಆಗಲ್ಲ ಅಂತ ಜನ ಅಂದರು. ಮರುವರ್ಷ ರೇಖಾಗಣಿತದ ಪೇಪರ್ ಕಳಿಸಿದರು. ನೂರಕ್ಕೆ 28ರಿಂದ 95ರವರೆಗೆ ಬಂತು, ಒಂದೇ ಪೇಪರಿಗೆ! ನೂರು ವರ್ಷದ ಮೇಲಾಯಿತು. ನಮ್ಮ ಸ್ಟಾಫ್ ರೂಮುಗಳಲ್ಲಿ ಇದನ್ನು ಯಾರೂ ಮಾತಾಡುವುದಿಲ್ಲ ಅನ್ನುವುದು ನನಗೆ ನಿಜವಾದ ಬೇಸರ. ಬೇರೆ ಸಬ್ಜೆಕ್ಟಿನವರು ಬಿಡು. ಮನಸ್ಸಿನ ಪಾಠ ಹೇಳುವ ನಾವೇ ನಮ್ಮ ಮನಸ್ಸನ್ನು ನೋಡಿಕೊಳ್ಳದಿದ್ದರೆ ಹೇಗೆ?

ಥಾರ್ನ್‌ಡೈಕ್ ನೀನು ಓದಿದ್ದೀಯ. 1920ರಲ್ಲಿ ಆ ಅಮೆರಿಕದ ಮನಃಶಾಸ್ತ್ರಜ್ಞ ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಹಾಕಿದ ಅಂಕ ನೋಡಿದ. ಆಳು ನೋಡಲು ಗಟ್ಟಿಮುಟ್ಟಾಗಿದ್ದರೆ ಬುದ್ಧಿಗೂ ಜಾಸ್ತಿ, ಗುಣಕ್ಕೂ ಜಾಸ್ತಿ. ಪ್ರಭಾವಲಯ ಅಂತ ಪರೀಕ್ಷೆಗೆ ಬರೆಸುತ್ತೇವಲ್ಲ, ಅದೇ ಇದು. ಮುತ್ತು ಪೋಣಿಸಿದ ಹಾಗೆ ಬರೆಯುವ ಮಗು, ಮೊದಲ ಬೆಂಚಿನಲ್ಲಿ ತಲೆ ಆಡಿಸುವ ಮಗು, ನಿನ್ನ ಕೈಯಲ್ಲಿ ಎರಡೆರಡು ಅಂಕ ಜಾಸ್ತಿ ತಗೊಂಡು ಹೋಗುತ್ತದೆ. ನಿನಗೆ ಗೊತ್ತೂ ಆಗುವುದಿಲ್ಲ. ಅದಕ್ಕೆ ಹೆಸರಿರುವ ಮೂಲೆ ಮಡಚಿ ಪಿನ್ ಹಾಕು. ಒಬ್ಬರ ಪೇಪರ್ ಪೂರ್ತಿ ತಿದ್ದಬೇಡ. ಎಲ್ಲರ ಮೊದಲ ಪ್ರಶ್ನೆ ಮುಗಿಸು, ಬಂಡಲ್ ಕಲೆಸು, ಆಮೇಲೆ ಎರಡನೇ ಪ್ರಶ್ನೆಗೆ ಹೋಗು. ರಾತ್ರಿ ಊಟ ಆದಮೇಲೆ ಪೆನ್ನು ಮುಟ್ಟಲೇಬೇಡ. ಎಲ್ಲಾ ಮುಗಿದಮೇಲೆ ಮೊದಲು ತಿದ್ದಿದ ಐದು ಪೇಪರ್ ಮತ್ತೆ ನೋಡು, ಶುರುವಿನಲ್ಲಿ ಕೈ ಬಿಗಿಯಾಗಿರುತ್ತದೆ.

ಇನ್ನೊಂದು ಮಾತು, ನಮ್ಮ ಊರಿಗೇ ಸೇರಿದ್ದು. ನಿನ್ನ ಕ್ಲಾಸಿನಲ್ಲಿ ಅರ್ಧ ಮಕ್ಕಳ ಮನೆಮಾತು ತೆಲುಗು. ಸಿರುಗುಪ್ಪದ ಕಡೆಯವರು, ಕೌಲ್ ಬಜಾರಿನ ಉರ್ದು ಮನೆಯವರು ಇದ್ದಾರೆ. 'ಹಾಗೆ' ಅನ್ನುವುದನ್ನು 'ಆಗೆ' ಅಂತ ಬರೆದರೆ ಅಂಕ ಕಡಿಯಬೇಡ. ನೀನು ಕನ್ನಡದ ಪೇಪರ್ ತಿದ್ದುತ್ತಿಲ್ಲ. ಫ್ರಾನ್ಸಿನ ಮನಃಶಾಸ್ತ್ರಜ್ಞ ಬಿನೆ 1905ರಲ್ಲಿ ಬುದ್ಧಿ ಪರೀಕ್ಷೆ ಮಾಡಿದ್ದು ಪ್ಯಾರಿಸ್ಸಿನ ಶಾಲೆಗಳಲ್ಲಿ ಯಾವ ಮಗುವಿಗೆ ಹೆಚ್ಚು ಸಹಾಯ ಬೇಕು ಅಂತ ಗುರುತಿಸುವುದಕ್ಕೆ. ಬುದ್ಧಿ ಹುಟ್ಟಿದಷ್ಟೇ, ಬೆಳೆಯುವುದಿಲ್ಲ ಅನ್ನುವವರನ್ನು ಆತ ಒಪ್ಪಲಿಲ್ಲ. ಅದೇ ಪರೀಕ್ಷೆ ಅಮೆರಿಕಕ್ಕೆ ಹೋದಾಗ ಹಡಗಿನಿಂದ ಇಳಿದ ವಲಸೆಯವರ ಮೇಲೆ ಮಂದಬುದ್ಧಿ ಅಂತ ಮುದ್ರೆ ಒತ್ತುವ ಕೆಲಸಕ್ಕೆ ಬಂತು. ಅವರಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷೇ ಬರುತ್ತಿರಲಿಲ್ಲ. ನಮ್ಮ ಕಡೆ ವಿ.ವಿ. ಕಾಮತ್ ಬೇರೆ ದಾರಿ ಹಿಡಿದರು. 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಆ ಪರೀಕ್ಷೆಯನ್ನು ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಅಂತ ಇವತ್ತಿಗೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಇದನ್ನು ಕ್ಲಾಸಿನಲ್ಲಿ ಹೇಳಿ ನೋಡು. ತೆಲುಗು ಮನೆಯ ಮಕ್ಕಳು ಆಕಳಿಸುವುದಿಲ್ಲ.

ಇತಿಹಾಸವನ್ನು 1879ರಿಂದ, ಜರ್ಮನಿಯ ಲೈಪ್‌ಜಿಗ್‌ನ ವೂಂಟ್ ತೆರೆದ ಮನಃಶಾಸ್ತ್ರದ ಮೊದಲ ಪ್ರಯೋಗಾಲಯದಿಂದ ಶುರು ಮಾಡು ಅಂತ ಸಿಲಬಸ್ ಹೇಳುತ್ತದೆ. ನೀನು 1985ರಿಂದ, ಬಳ್ಳಾರಿಯಿಂದ ಶುರು ಮಾಡು. ಆಗ ನಿಮ್ಹಾನ್ಸ್‌ನವರು ನಮ್ಮ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿದರು. ಮೂರ್ಛೆರೋಗಕ್ಕೆ, ಮನೋರೋಗಕ್ಕೆ ಬೆಂಗಳೂರಿಗೆ ಹೋಗದೆ ಹತ್ತಿರದಲ್ಲೇ ಗುಳಿಗೆ ಸಿಗುವ ಹಾಗಾಯಿತು. 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಅದಕ್ಕೆ ಮಾದರಿ ಇದೇ, ಬಳ್ಳಾರಿ ಮಾದರಿ ಅಂತಲೇ ಕರೆಯುತ್ತಾರೆ. ನಮ್ಮ ಮಕ್ಕಳಿಗೆ ಲೈಪ್‌ಜಿಗ್ ಬಾಯಿಪಾಠ, ತಮ್ಮೂರು ಗೊತ್ತಿಲ್ಲ. ಮನೆಯ ಹಿರಿಯರನ್ನು, ಊರಿನ ಹಳೇ ನರ್ಸಮ್ಮನವರನ್ನು ಕೇಳಿಕೊಂಡು ಬರಲು ಹೇಳು. ಅಲ್ಲಿಂದ ಹಿಂದಕ್ಕೆ ಮೈಸೂರಿಗೆ ಹೋಗು. ಅಲ್ಲಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಬುದ್ಧಿಯ ಅಳತೆಗೆ ಹೆಸರಾದ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದವರು. 1935ರಲ್ಲಿ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದವರೂ ಅವರೇ. ಆಕಾಶವಾಣಿ ಅನ್ನುವ ಹೆಸರು ಬಂದಿದ್ದು ಅಲ್ಲಿಂದ. ವೂಂಟ್ ಕೊನೆಗೆ ಬರಲಿ.

ಎಲ್ಲರಿಗೂ ಇಂಟರ್ನಲ್ ತುಂಬಿಸಿ ಕೊಟ್ಟುಬಿಡಿ ಮೇಡಂ, ತಲೆನೋವು ಯಾಕೆ ಅಂತ ನಿಮ್ಮ ಕಾಲೇಜಿನ ಹಿರಿಯರೊಬ್ಬರು ಹೇಳಿದರು ಅಂತ ನೀನು ಅಂದೆ. ನೀನು ಅತಿಥಿ ಉಪನ್ಯಾಸಕಿ, ಸಂಬಳವೂ ತಡ, ಎದುರು ನಿಲ್ಲುವುದು ಸುಲಭ ಅಲ್ಲ, ಗೊತ್ತು. ಜಗಳ ಆಡಬೇಡ. ಆದರೆ ಓದದೆ ಅಂಕ ಹಾಕಬೇಡ ಮಗಳೇ. ಪ್ರತಿ ಪೇಪರಿನಲ್ಲೂ ಒಂದು ಸಾಲು ಬರೆ. 'ಇಲ್ಲಿ ಉದಾಹರಣೆ ಚೆನ್ನಾಗಿದೆ, ಕಾರಣ ಬರೆದಿಲ್ಲ', ಅಷ್ಟು ಸಾಕು. ಮೂರು ಅಂಕ ಬಂದರೂ ಯಾಕೆ ಬಂತು ಅಂತ ಅವರಿಗೆ ತಿಳಿಯಬೇಕು.

ಭಾನುವಾರ ಬಾ. ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿರುತ್ತೇನೆ. ಅಂಕ ಹಾಕದ ಐದು ಪೇಪರ್ ತಗೊಂಡು ಬಾ, ಹೆಸರು ಮಡಚಿರಲಿ. ನೀನೊಂದು ಹಾಳೆಯಲ್ಲಿ, ನಾನೊಂದು ಹಾಳೆಯಲ್ಲಿ, ಒಬ್ಬರದು ಒಬ್ಬರು ನೋಡದೆ ಅಂಕ ಬರೆಯೋಣ. ಆಮೇಲೆ ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಮಾತಾಡೋಣ.

ನಿನ್ನ
ದೊಡ್ಡಮ್ಮ