ಮಾನ್ಯ ಕಂದಾಯ ಸಚಿವರೇ, ವಂಶವೃಕ್ಷದಲ್ಲಿ ಹೆಣ್ಣುಮಕ್ಕಳೆಲ್ಲಿ?

ಮಾನ್ಯ ಕಂದಾಯ ಸಚಿವರಿಗೆ, ಉಡುಪಿಯ ಶಂಕರಪುರದ ಕಡೆ ಹುಟ್ಟಿದ ಒಬ್ಬ ಹೆಂಗಸಿನ ನಮಸ್ಕಾರ.

ನೇರ ವಿಷಯಕ್ಕೆ ಬರುತ್ತೇನೆ. ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷ ನೋಡಿ ಯಾರೂ ಪೌತಿ ಖಾತೆ, ಅಂದರೆ ತೀರಿಹೋದವರ ಜಾಗವನ್ನು ವಾರಸುದಾರರ ಹೆಸರಿಗೆ ಬದಲಿಸುವ ಕೆಲಸ, ಮಾಡಬಾರದು ಎಂದು ಆದೇಶ ಹೊರಡಿಸಿ. ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಅಪ್ಪ ತೀರಿಹೋಗಿ ವರ್ಷಗಳಾದವು. ಜಾಗ ಜಾಸ್ತಿಯೇನಿಲ್ಲ. ಭೂಸುಧಾರಣೆಯಲ್ಲಿ ಗೇಣಿದಾರರು ಕೊಟ್ಟ ಡಿಕ್ಲರೇಷನ್‌ನಲ್ಲಿ ಸಿಕ್ಕಿದ ಒಂದು ತುಂಡು ಗದ್ದೆ, ಮನೆ, ಹಿಂದೆ ಮಲ್ಲಿಗೆ ಗಿಡ. ನಾವು ಅಕ್ಕತಂಗಿಯರು ಬೆಳಿಗ್ಗೆ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಲೆಕ್ಕ ಮಾಡಿ ಕೊಟ್ಟು ಶಾಲೆಗೆ ಓಡಿದವರು. ತಮ್ಮನ ಕಾಲೇಜು ಫೀಸು ಆ ಹೂವಿನ ದುಡ್ಡಿನಿಂದಲೇ ಹೋದದ್ದು. ಈಗ ಪಹಣಿ ತೆಗೆದರೆ ಅವನೊಬ್ಬನದೇ ಹೆಸರು. ವಂಶವೃಕ್ಷದ ಪ್ರತಿ ಕೇಳಿ ಪಡೆದೆ. ಮೇಲೆ ಅಪ್ಪ, ಕೆಳಗೆ ಒಂದು ಗೆರೆ, ಗೆರೆಯ ತುದಿಗೆ ತಮ್ಮ. ನಾವು ಹುಟ್ಟಲೇ ಇಲ್ಲ! ಸಾಕ್ಷಿ ಹಾಕಿದವರಲ್ಲಿ ಒಬ್ಬರು ನನ್ನ ಮದುವೆಯಲ್ಲಿ ಸೌಟು ಹಿಡಿದು ಬಡಿಸಿದವರು.

ಕಚೇರಿಯಲ್ಲಿ ಕೇಳಿದೆ. ಅಲ್ಲಿದ್ದವರು ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. "ನಿಮ್ಗೆ ಮದುವೆ ಆಗಿದೆ ಅಲ್ವಾ ಅಕ್ಕ? ಬೇಕಿದ್ರೆ ಕೋರ್ಟಿಗೆ ಹೋಗಿ" ಅಂದರು. ನೋಟೀಸು ಯಾಕೆ ಬರಲಿಲ್ಲ ಅಂದರೆ, ಬೋರ್ಡಿಗೆ ಅಂಟಿಸಿದ್ದರಂತೆ, 30 ದಿನ ಯಾರೂ ತಕರಾರು ಹೇಳಲಿಲ್ಲವಂತೆ. ನಾನಿರುವುದು ಘಟ್ಟದ ಮೇಲೆ, ಗಂಡನ ಊರಿನಲ್ಲಿ. ದಿನಾ ಬಂದು ಬೋರ್ಡು ಓದಿ ಹೋಗಬೇಕಿತ್ತೇನೋ. ನಿಮ್ಮ ಸರ್ಕಾರದ ಫ್ರೀ ಬಸ್ಸಿದೆಯಲ್ಲ! (ನಮ್ಮ ಕಡೆ ಓಡುವುದು ಹೆಚ್ಚಿನವು ಪ್ರೈವೇಟ್ ಬಸ್ಸು, ಅದಿರಲಿ.) ಇನ್ನು ಕೋರ್ಟಿನ ಮಾತು. ಈ ತುಂಡು ಗದ್ದೆಗೆ ಪಾಲಿನ ದಾವೆ ಹಾಕಿದರೆ ವಕೀಲರ ಫೀಸಿಗೇ ಗದ್ದೆ ಮಾರಬೇಕು.

ಮದುವೆಯಾದ ಮಗಳಿಗೆ ಪಾಲಿಲ್ಲ ಎನ್ನುವುದು ಯಾವ ಕಾಲದ ಮಾತು ಸ್ವಾಮೀ? ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯರು ಮಂಗಳೂರಿನ ಹುಡುಗಿ. ಅವರ ತಂದೆ ಉಯಿಲು ಬರೆಯದೆ ತೀರಿಕೊಂಡಾಗ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ತಿಂಗಳಿಗಿಷ್ಟು ಅಂತ ಕೊಡಲು ಬಂದರು, ಅವರು ಅದನ್ನೂ ಬೇಡ ಅಂದರು. ಅವತ್ತು ಕಾನೂನೇ ಹಾಗಿತ್ತು. ಅದನ್ನು ಬದಲಿಸಲು ಹಿಂದೂ ಸಂಹಿತೆಯ ಕರಡು ಮಾಡಿದ ಸಮಿತಿಯ ಅಧ್ಯಕ್ಷರು ಬೆನಗಲ್ ನರಸಿಂಗ ರಾಯರು, ಅವರೂ ಮಂಗಳೂರಿನಲ್ಲೇ ಹುಟ್ಟಿದವರು. ಆ ಮಸೂದೆ ಮೂಲೆಗೆ ಬಿತ್ತೆಂಬ ಬೇಸರವೂ ಸೇರಿ ಅಂಬೇಡ್ಕರ್ 1951ರಲ್ಲಿ ಮಂತ್ರಿ ಪದವಿ ಬಿಟ್ಟರು. 1956ರಲ್ಲಿ ಅಪ್ಪನ ಸ್ವಂತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಬಂತು. ಪಿತ್ರಾರ್ಜಿತದಲ್ಲೂ ಕೊಡುತ್ತೇವೆ ಎಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ಮಾಡಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ತಡೆಯೂ ಹೋಯಿತು. ಅಪ್ಪ ಆಗ ಬದುಕಿರಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಷ್ಟೆಲ್ಲ ಆಗಿಯೂ ನಮ್ಮ ಊರಿನ ಆ ಮೇಜಿಗೆ ಸುದ್ದಿ ಮುಟ್ಟಿಲ್ಲ.

ಮೇಲಿಂದ ಇದು ಅಳಿಯಕಟ್ಟಿನ ನಾಡು, ತಾಯಿಯ ಕಡೆಯಿಂದ ಆಸ್ತಿ ಇಳಿದುಬರುತ್ತಿದ್ದ ಕಟ್ಟು, ಇಲ್ಲಿ ಹೆಣ್ಣೇ ಮನೆಯೊಡತಿ ಅಂತ ವೇದಿಕೆಯ ಮೇಲೆ ಭಾಷಣ ಬೇರೆ. ಆ ಕಟ್ಟಿನಲ್ಲೂ ಯಜಮಾನಿಕೆ ನಡೆಸಿದ್ದು ಹೆಚ್ಚಾಗಿ ಸೋದರಮಾವಂದಿರೇ ಎಂಬುದು ನಮಗೆ ಗೊತ್ತು.

ತಮ್ಮನ ಮೇಲೆ ಸಿಟ್ಟಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಅವನ ಹತ್ತಿರ ನಾನೇ ಮಾತಾಡಿಕೊಳ್ಳುತ್ತೇನೆ. ಆದರೆ ಅವನು ಬರೆದುಕೊಟ್ಟದ್ದಕ್ಕೆ ಸೀಲು ಒತ್ತಿದ್ದು ನಿಮ್ಮ ಇಲಾಖೆ.

ಹಾಗಾಗಿ ಮತ್ತೆ ಕೇಳುತ್ತೇನೆ. ಹೆಣ್ಣುಮಕ್ಕಳ ಹೆಸರಿಲ್ಲದೆ ಪೌತಿ ಖಾತೆ ಆಗಬಾರದು. ನೋಟೀಸು ಬೋರ್ಡಿಗಲ್ಲ, ನಮ್ಮ ಕೈಗೆ ಬರಬೇಕು. ಸುಳ್ಳು ವಂಶವೃಕ್ಷ ಕೊಟ್ಟವರ ಮೇಲೂ, ವಿಚಾರಿಸದೆ ಸಹಿ ಹಾಕಿದವರ ಮೇಲೂ ಕ್ರಮ ಆಗಬೇಕು. "ಪರಿಶೀಲಿಸಲಾಗುವುದು" ಎಂಬ ಉತ್ತರ ದಯವಿಟ್ಟು ಕಳಿಸಬೇಡಿ, ಅಂಥದ್ದು ನನ್ನ ಹತ್ತಿರ ಬೇಕಾದಷ್ಟಿದೆ. ಆದೇಶದ ಪ್ರತಿ ಕಳಿಸಿ.

ಇತಿ,
ಉಡುಪಿ ಜಿಲ್ಲೆಯ ಒಬ್ಬ ಮಗಳು