ಒಡವೆಯ ಬೆಸುಗೆಯತ್ತಲೂ ಗಮನವಿರಲಿ

ಮಾನ್ಯ ಸಂಪಾದಕರೇ,

ಚಿನ್ನದ ಗಣಿಗಳಿಂದ ಹೆಸರಾದ ಕೋಲಾರ ಜಿಲ್ಲೆಯಲ್ಲೂ ಒಡವೆ ಕೊಳ್ಳುವ ಅನೇಕರು ‘916’ (22 ಕ್ಯಾರೆಟ್, ಅಂದರೆ ಶೇ 91.6ರಷ್ಟು ಚಿನ್ನ) ಎಂಬ ಗುರುತನ್ನಷ್ಟೇ ನೋಡಿ ಸಮಾಧಾನಪಡುತ್ತಾರೆ. ಅದರ ಜೊತೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮುದ್ರೆ ಹಾಗೂ ಅಕ್ಷರ, ಅಂಕಿಗಳು ಸೇರಿ ಆರು ಸ್ಥಾನಗಳ, ಪ್ರತಿ ಒಡವೆಗೂ ಬೇರೆಯಾದ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ ಇರಬೇಕು. ಅದನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಆದರೆ ಶುದ್ಧತೆಯೊಂದೇ ಗುಣಮಟ್ಟವಲ್ಲ. ಎರಕ ಹೊಯ್ದ ಲೋಹ ಆರುವಾಗ ಒಳಗೆ ಸೂಕ್ಷ್ಮ ರಂಧ್ರಗಳು ಉಳಿದರೆ ಮೆರುಗು ಅವನ್ನು ಮರೆಮಾಡುತ್ತದೆ, ಮುಂದೆ ಒಡವೆ ಅಲ್ಲಿಯೇ ಮುರಿಯಬಹುದು. ಸರದ ಕೊಂಡಿಕೊಂಡಿಗೂ ಬೆಸುಗೆ ಇರುವುದರಿಂದ, ಬೆಸುಗೆಯಲ್ಲಿ ಚಿನ್ನದ ಪಾಲು ಕಡಿಮೆಯಾದರೆ ಇಡೀ ಸರದ ಶುದ್ಧತೆಯೇ ಕುಗ್ಗುತ್ತದೆ. ಎಕ್ಸ್‌ಆರ್‌ಎಫ್ ಎಂಬ, ಎಕ್ಸ್-ಕಿರಣದಿಂದ ಶುದ್ಧತೆ ಅಳೆಯುವ ಯಂತ್ರ ಮೇಲ್ಪದರವನ್ನಷ್ಟೇ ಅಳೆಯುವುದರಿಂದ ಇಂತಹ ಕೊರತೆ ಅದರ ಕಣ್ಣಿಗೆ ಬೀಳದೇ ಹೋಗಬಹುದು. ಒಡವೆಯ ಚೂರೊಂದನ್ನು ಸೀಸದೊಡನೆ ಕುಲುಮೆಯಲ್ಲಿಟ್ಟು ಮಾಡುವ ಪರೀಕ್ಷೆ ಹೆಚ್ಚು ನಿಖರ.

ನನಗೆ ಇದಕ್ಕಿಂತಲೂ ಕಳವಳದ ಸಂಗತಿಯೆಂದರೆ, ಬೆಸುಗೆ ಸಲೀಸಾಗಲೆಂದು ಬೆರೆಸುವ ಕ್ಯಾಡ್ಮಿಯಂ ಎಂಬ ಲೋಹದ ಹೊಗೆ ಅಕ್ಕಸಾಲಿಗರ ಶ್ವಾಸಕೋಶ ಮತ್ತು ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ಕ್ಯಾಡ್ಮಿಯಂ ಇಲ್ಲದ ಬೆಸುಗೆಗಳು ಲಭ್ಯವಿರುವಾಗ ಇದನ್ನು ಸಹಿಸಿಕೊಳ್ಳುವುದು ತಪ್ಪು. ಯಾವ ಬೆಸುಗೆ ಬಳಸಲಾಗಿದೆ ಎಂಬುದನ್ನು ತಯಾರಕರು ಬಿಲ್ಲಿನಲ್ಲಿ ನಮೂದಿಸುವಂತೆ ಸರ್ಕಾರ ನಿಯಮ ರೂಪಿಸಬೇಕೆಂದು ವಿನಂತಿಸುತ್ತೇನೆ.

– ಗ್ರಾಹಕಿಯೊಬ್ಬರು, ಕೋಲಾರ